ಎರಡನೆಯ ಟಾಕಿ

ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ತಮ್ಮನ ಗ್ಯಾರೇಜು ಇದೆ. ಸುತ್ತಲಿನ ಊರುಗಳ ಟ್ರ್ಯಾಕ್ಟರುಗಳೂ ಹಳ್ಳದ ದಂಡೆಯಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನುಗಳೂ ರಿಪೇರಿಗೆ ಬರುವ ಜಾಗ ಅದು. ಅಪರೂಪಕ್ಕೆ ಪೆಟ್ರೋಲ್ ಕಾರು ಬಂದರೆ ಅದನ್ನು ಮೂಲೆಯ ತಗಡಿನ ಶೆಡ್ಡಿಗೆ ತಳ್ಳುವುದು ವಾಡಿಕೆ. ಆ ಶೆಡ್ಡಿನಲ್ಲಿ ನನ್ನ ಮಗಳು ಕೆಲಸ ಮಾಡುತ್ತಾಳೆ. ಹುಬ್ಬಳ್ಳಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಮರುದಿನವೇ ಮಾವನ ಕೈಕೆಳಗೆ ಕೆಲಸಕ್ಕೆ ನಿಂತವಳು ಅವಳು.

ನಾನು ಇದೇ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಬಹುಕಾಲ ಕನ್ನಡ ಕಲಿಸಿ, ಅವಧಿಗೆ ಮುನ್ನವೇ ಸ್ವಯಂನಿವೃತ್ತಿ ಪಡೆದವಳು. ಮಧ್ಯಾಹ್ನ ಮಗಳಿಗೂ ತಮ್ಮನಿಗೂ ಬುತ್ತಿ ಒಯ್ಯುವುದು, ಅವರು ಉಂಡು ಏಳುವವರೆಗೆ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು, ಏಳಬೇಕೆಂದುಕೊಂಡು ಏಳದೆ ಸಂಜೆಯವರೆಗೂ ಅಲ್ಲಿಯೇ ಇರುವುದು ಈಗ ನನ್ನ ದಿನಚರಿ. ಹಾಗೆ ಕುಳಿತು ಕಂಡದ್ದನ್ನು, ಕಂಡ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ಕ್ರಮ ತಪ್ಪಿದ ಬರವಣಿಗೆಯನ್ನು ನಾನು ಇಂದಿಗೂ ಸಹಿಸಲಾರೆ.

ನಿವೃತ್ತಿಗೆ ಮುಂಚೆ ಕೊಂಡ ನನ್ನದೊಂದು ಪೆಟ್ರೋಲ್ ಕಾರಿತ್ತು. ನಾನು ಅದನ್ನು ಓಡಿಸುತ್ತಿದ್ದದ್ದು ಕಡಿಮೆ. ಮಗಳು ಅದನ್ನು ಬಿಚ್ಚುತ್ತಿದ್ದದ್ದು ಹೆಚ್ಚು. ಒಂದು ದಿನ ಅವಳು ಅದನ್ನು ಓಟದ ಕಾರನ್ನಾಗಿ ಮಾಡುವೆನೆಂದು ನನ್ನ ಅಪ್ಪಣೆ ಕೇಳಿದಳು. ನೆರೆಯ ಜಿಲ್ಲೆಯಲ್ಲಿ ವಿಮಾನ ಇಳಿಯುವುದನ್ನು ನಿಲ್ಲಿಸಿದ ಹಳೆಯ ಪಟ್ಟಿಯೊಂದಿದೆ. ವರ್ಷಕ್ಕೊಮ್ಮೆ ಅಲ್ಲಿ ಕಾರುಗಳನ್ನು ನೇರ ದಾರಿಯಲ್ಲಿ ಓಡಿಸಿ ವೇಳೆ ನೋಡುತ್ತಾರೆ. ಅಲ್ಲಿಗೆ ತನ್ನ ಕೈಯಾರೆ ಕಟ್ಟಿದ ಎಂಜಿನ್ ಒಯ್ಯಬೇಕೆಂಬುದು ಅವಳ ಆಸೆ. ನಾನು ಒಪ್ಪಿದೆ. ಒಂದು ವರ್ಷದ ಬಿಡುವಿನ ವೇಳೆಯನ್ನೆಲ್ಲ ಆ ಎಂಜಿನ್ನಿಗೆ ಸುರಿದ ಮೇಲೆ, ಅವಳು ನೈಟ್ರಸ್ ಜೋಡಿಸುವ ಮಾತು ಎತ್ತಿದಳು.

ನೈಟ್ರಸ್ ಎಂದರೆ ಏನೆಂದು ಅವಳು ನನಗೆ ಹೇಳಿದ್ದು ಹೀಗೆ. ಎಂಜಿನ್ನಿಗೆ ಪೆಟ್ರೋಲು ಉರಿಸಲು ಗಾಳಿ ಬೇಕು. ಅದು ಎಷ್ಟು ಗಾಳಿ ಎಳೆದುಕೊಳ್ಳಬಲ್ಲದೋ ಅಷ್ಟೇ ಅದರ ಶಕ್ತಿ. ಬಾಟಲಿಯಲ್ಲಿ ತುಂಬಿದ ಈ ಅನಿಲವನ್ನು ಒಳಗೆ ಬಿಟ್ಟರೆ, ಅದು ಬಿಸಿಗೆ ಒಡೆದು, ಗಾಳಿ ಕೊಡುವುದಕ್ಕಿಂತ ಹೆಚ್ಚು ಆಮ್ಲಜನಕವನ್ನು ಕೊಡುತ್ತದೆ. ಗುಂಡಿ ಒತ್ತಿದ ಕೆಲವು ಕ್ಷಣ ಎಂಜಿನ್ ತನ್ನ ಅಳತೆ ಮೀರಿ ದುಡಿಯುತ್ತದೆ. ಆದರೆ ಆಮ್ಲಜನಕ ಹೆಚ್ಚಾದಷ್ಟೂ ಪೆಟ್ರೋಲು ಹೆಚ್ಚಬೇಕು, ಅದೇ ಕ್ಷಣದಲ್ಲಿ, ಅದೇ ಪ್ರಮಾಣದಲ್ಲಿ. ಪೆಟ್ರೋಲು ಕಡಿಮೆ ಬಿದ್ದರೆ ಉರಿ ವಿಪರೀತವಾಗಿ, ಅಲ್ಯೂಮಿನಿಯಮಿನ ಪಿಸ್ಟನ್ನು ಮೇಣದಂತೆ ಕರಗುತ್ತದೆ.

“ಗ್ಯಾಸಿಂದು ಏನೂ ಚಿಂತಿಲ್ಲ ಅವ್ವಾ, ಅದು ಬಾಟ್ಲಿ ತಗದ್ರ ಬರತೈತಿ. ಚಿಂತಿ ಎಲ್ಲಾ ಪೆಟ್ರೋಲಿಂದು” ಎಂದಳು.

ನನ್ನ ತಮ್ಮ ಆ ಮಾತನ್ನು ಕೇಳಿಸಿಕೊಂಡು, ಕೈ ಒರೆಸಿಕೊಳ್ಳುತ್ತ ಶೆಡ್ಡಿಗೆ ಬಂದ. ಅವನಿಗೆ ಅವಳ ಮೇಲೆ ಅಕ್ಕರೆ ಬಹಳ, ನಂಬಿಕೆ ಮಾತ್ರ ಅರ್ಧ. ಅವಳು ಮುಗಿಸಿದ ಪ್ರತಿಯೊಂದು ಕಾರನ್ನೂ ಅವನು ಮತ್ತೆ ಬಗ್ಗಿ ನೋಡುತ್ತಿದ್ದ. ಅದನ್ನು ಕಂಡಿದ್ದ ಗಿರಾಕಿಗಳೂ “ಮಾಮಾರು ನೋಡ್ಯಾರೇನ್ರಿ?” ಎಂದು ಕೇಳದೆ ಕೀಲಿ ತೆಗೆದುಕೊಳ್ಳುತ್ತಿರಲಿಲ್ಲ. ಆ ಪ್ರಶ್ನೆ ಬಂದಾಗಲೆಲ್ಲ ಮಗಳು ತುಟಿ ಕಚ್ಚಿ ಬೋಲ್ಟು ತಿರುವುವ ಪಾನೆ ಹುಡುಕುವ ನೆಪ ಮಾಡುವುದನ್ನು ನಾನು ಕುರ್ಚಿಯಿಂದಲೇ ನೋಡಿದ್ದೇನೆ.

ತಮ್ಮ ಅಂದು ಒಂದು ಕರಾರು ಹಾಕಿದ.

“ನೋಡವ್ವಾ, ಈ ಎಂಜಿನ್ ಗ್ಯಾಸಿನ ಮ್ಯಾಲೆ ಓಡಿ ನೆಟ್ಟಗ ವಾಪಸ್ ಬಂದ್ರ, ಪೆಟ್ರೋಲ್ ಕೆಲಸ ಎಲ್ಲಾ ನಿನ್ನ ಕೈಯಾಗ. ನಾ ಬಗ್ಗಿ ನೋಡೂದಿಲ್ಲ. ಪಿಸ್ಟನ್ ಕರಗಿಸ್ಕೊಂಡ್ ಬಂದಿ ಅಂದ್ರ, ಮತ್ತ ನನ್ನ ಬಾಜು ಕುಂತು ಟ್ರ್ಯಾಕ್ಟರ್ ಪಂಪ್ ತೊಳಿಬೇಕು. ಒಪ್ಗಿ ಏನು?”

“ಒಪ್ಗಿರಿ ಮಾಮಾ. ಆದ್ರ ಅವ್ವ ಸಾಕ್ಷಿ.”

“ನಿಮ್ಮವ್ವ ಸಾಕ್ಷಿ ಆದ್ರ ನಾ ಮುಗದೆ. ಒಂದ ಅಕ್ಷರ ಆಚೀಚಿ ಆಗಗೊಡೂದಿಲ್ಲ” ಎಂದು ಅವನು ನಕ್ಕ.

ಮೊದಲ ಪ್ರಶ್ನೆ, ನಮ್ಮವರು ಟಾಕಿ ಎನ್ನುವ ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪು ಈ ಹೆಚ್ಚುವರಿ ಪೆಟ್ರೋಲನ್ನು ಕೊಡಬಲ್ಲುದೇ ಎಂಬುದು. ಮಗಳು ಎಂಜಿನ್ನಿಗೇ ಬೇಕಾಗುವ ಪೆಟ್ರೋಲು, ಗ್ಯಾಸಿನ ಪಾಲಿನ ಪೆಟ್ರೋಲು, ಅದರ ಮೇಲೊಂದಿಷ್ಟು ಕೈಮೀಸಲು, ಮೂರನ್ನೂ ಕೂಡಿಸಿ, ಅಳತೆಯ ಡಬ್ಬಿಯ ಮೈಮೇಲೆ ನೀಲಿ ಗೆರೆಯೊಂದನ್ನು ಎಳೆದಳು. ಗೊತ್ತುಮಾಡಿದ ವೇಳೆಯೊಳಗೆ ಪಂಪು ಡಬ್ಬಿಯನ್ನು ಆ ಗೆರೆಯವರೆಗೆ ತುಂಬಬೇಕು. ಕಾರನ್ನು ಬಯಲಿಗೆ ತಂದು, ಬೆಂಕಿ ಆರಿಸುವ ಸಿಲಿಂಡರನ್ನು ಪಕ್ಕದಲ್ಲಿಟ್ಟು, ಬೀಡಿ ಸೇದುವವರನ್ನೆಲ್ಲ ರಸ್ತೆಯಾಚೆ ಕಳಿಸಿ, ಎಂಜಿನ್ನಿಗೆ ಹೋಗುವ ಪೆಟ್ರೋಲಿನ ಪೈಪನ್ನು ಬಿಡಿಸಿ ಡಬ್ಬಿಯೊಳಕ್ಕೆ ಇಳಿಬಿಟ್ಟರು.

ಪಂಪು ಚಾಲೂ ಆದೊಡನೆ ದಪ್ಪನೆಯ ಧಾರೆ ಸುರಿಯಿತು. ವೇಳೆ ಮುಗಿಯುವ ಮೊದಲೇ ಪೆಟ್ರೋಲು ಗೆರೆಯನ್ನು ದಾಟಿ ಮೇಲೇರಿತು. ಟ್ರ್ಯಾಕ್ಟರು ತಂದು ಕಾಯುತ್ತಿದ್ದ ಮೊರಬದ ರೈತರಿಬ್ಬರು ಮೆಚ್ಚಿ ತಲೆದೂಗಿದರು.

“ಧಾರಿ ನೋಡ್ರಿ, ಅಗದಿ ತೋಳಿನಂಗ ದಪ್ಪ ಬೀಳಾಕತ್ತೈತಿ.”

“ಇಂಥಾ ಪಂಪ್ ಹಳ್ಳದಾಗ ಇಟ್ರ ನಾಕ ಎಕರೆಗೆ ನೀರ ಹಾಯಸತಿತ್ತು ಬಿಡು.”

ನಮ್ಮ ಕಡೆ ಪಂಪನ್ನು ಪರೀಕ್ಷಿಸುವ ಪದ್ಧತಿಯೇ ಅದು. ಕೊಳ್ಳುವವನು ಹಳ್ಳದ ದಂಡೆಯಲ್ಲಿ ಎಂಜಿನ್ ಹಚ್ಚಿಸಿ, ಪೈಪಿನ ಬಾಯಿಂದ ನೀರು ಎಷ್ಟು ದೂರ ಹೋಗಿ ಬೀಳುತ್ತದೆಂದು ನೋಡುತ್ತಾನೆ. ಧಾರೆ ಚೆಂದ ಕಂಡರೆ ವ್ಯವಹಾರ ಮುಗಿಯಿತು. ತಮ್ಮನೂ ಆ ಪದ್ಧತಿಯಲ್ಲಿ ಬೆಳೆದವನು, ಮಗಳೂ ಆ ಪದ್ಧತಿಯಲ್ಲಿ ಬೆಳೆದವಳು. ಇಬ್ಬರೂ ಪಂಪು ಪಾಸಾಯಿತೆಂದು ಒಪ್ಪಿದರು. ನಾನಂತೂ ಒಪ್ಪಲು ಬಿಡಲು ಯಾರೂ ಅಲ್ಲ. ಪೆಟ್ರೋಲಿನ ವಾಸನೆಗೆ ತಲೆನೋವು ಬಂದು ಮನೆಗೆ ಹೋದೆ.

ಆ ವಾರದ ಕೊನೆಯಲ್ಲಿ ನನ್ನ ಯಜಮಾನರು ಬೀಗರ ಮದುವೆಗೆಂದು ಕುಂದಗೋಳಕ್ಕೆ ಹೋಗಿದ್ದರು. ಶಲವಡಿಯ ನಮ್ಮ ಹೊಲದಲ್ಲಿ ಕಡಲೆಗೆ ನೀರು ಬಿಡುವ ಕೆಲಸ ತಾಯಿಮಗಳ ಪಾಲಿಗೆ ಬಂತು. ಮಗಳು ಎಂಜಿನ್ ಹಚ್ಚಿದಳು. ಪೈಪು ಜೋಡಿಸುವ ಮೊದಲು ನೀರು ಬದುವಿನವರೆಗೆ ಚಿಮ್ಮಿತು. ನಂತರ ಪೈಪು ಜೋಡಿಸಿ ಸ್ಪ್ರಿಂಕ್ಲರುಗಳಿಗೆ ನೀರು ಬಿಟ್ಟಳು. ಮೊದಲಿನವು ಚಿಟ್‌ಚಿಟ್ ಎನ್ನುತ್ತ ತಿರುಗಿದವು. ಕಡೆಯ ಸಾಲಿನವು ತಿರುಗದೆ, ಬಾಯಿಂದ ನೀರು ಜೊಲ್ಲಿನಂತೆ ಇಳಿಸುತ್ತ ನಿಂತವು. ನಾನು ಕಸ ಸಿಕ್ಕಿರಬೇಕೆಂದು ಕಡ್ಡಿ ಹುಡುಕಿದೆ. ಅವಳು ತಿರುಗದ ಸ್ಪ್ರಿಂಕ್ಲರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಳು.

“ಯಾಕ ಕುಂತಿ ಬೇ? ಕಡ್ಡಿ ಹಾಕಿ ತಿವಿ” ಎಂದೆ.

“ಅವ್ವಾ, ಈ ಎಂಜಿನ್ ನೀರು ಎಲ್ಲಿತನಾ ಒಗೀತು?”

“ಈಗ ನೀನ ನೋಡ್ದೆಲ್ಲ, ಬದುವಿನ ತನಾ ಒಗೀತು.”

“ಮತ್ತ ಇದ್ಯಾಕ ತಿರಗವಲ್ದು?”

“ಜೋರ ಇಲ್ಲ.”

“ಹೌದಲ್ಲ. ನೀರ ಐತಿ, ಜೋರ ಇಲ್ಲ” ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡಳು. ಎದ್ದು ಹೋಗಿ ನಡುವಿನ ಎರಡು ಸ್ಪ್ರಿಂಕ್ಲರುಗಳನ್ನು ಬಂದ್ ಮಾಡಿದಳು, ಕಡೆಯದು ತಿರುಗಲಾರಂಭಿಸಿತು. ಆ ಕಡೆ ನೋಡದೆಯೇ ಅವಳು ಕೆಸರುಗಾಲಿನಲ್ಲಿ ಸ್ಕೂಟರಿನತ್ತ ನಡೆದಳು.

“ಕಡ್ಲಿಗೆ ನೀರ ಪೂರ್ತಿ ಆಗಿಲ್ಲ” ಎಂದು ಕೂಗಿದೆ.

“ನೀ ನೋಡ್ಕೊ ಅವ್ವಾ. ನಾ ಡಬ್ಬಿ ತುಂಬಿಸಿ ನೋಡಬೇಕು.”

ಅವಳಿಗೆ ಹೊಳೆದದ್ದನ್ನು ನಾನು ಮರುದಿನ ಶೆಡ್ಡಿನಲ್ಲಿ ಕಣ್ಣಾರೆ ಕಂಡೆ. ಪೆಟ್ರೋಲು ಎಂಜಿನ್ನಿನೊಳಕ್ಕೆ ಸುಮ್ಮನೆ ಸುರಿಯುವುದಿಲ್ಲ. ಸಣ್ಣ ತೂತುಗಳಿಂದ, ಗೊತ್ತಾದ ಒತ್ತಡದಲ್ಲಿ, ಮಂಜಿನಂತೆ ಸಿಡಿಯಬೇಕು. ಬಾಯಿ ತೆರೆದ ಪೈಪಿನಲ್ಲಿ ಪಂಪಿಗೆ ಎದುರಾಳಿಯೇ ಇಲ್ಲ. ಎದುರಿಗೆ ಒತ್ತಡ ನಿಂತಾಗ ಅದು ಎಷ್ಟು ಕೊಡುತ್ತದೆಂಬುದೇ ನಿಜವಾದ ಲೆಕ್ಕ. ಅವಳು ಪೈಪಿನ ತುದಿಗೆ ಒಂದು ಸಣ್ಣ ನಲ್ಲಿಯನ್ನೂ ಅದರ ಹಿಂದೆ ಒತ್ತಡ ತೋರಿಸುವ ಗೇಜನ್ನೂ ಜೋಡಿಸಿದಳು. ಪಂಪು ಚಾಲೂ ಮಾಡಿ, ಗೇಜಿನ ಮುಳ್ಳು ಎಂಜಿನ್ನಿಗೆ ಬೇಕಾದ ಅಂಕಿಗೆ ಬರುವವರೆಗೆ ನಲ್ಲಿಯನ್ನು ತಿರುವಿದಳು. ದಪ್ಪನೆಯ ಧಾರೆ ನಮ್ಮ ಕಣ್ಣೆದುರಿಗೇ ಸೊರಗಿ, ಸೇವಿಗೆಯ ಎಳೆಯಂತಾಯಿತು. ವೇಳೆ ಮುಗಿದಾಗ ಪೆಟ್ರೋಲು ನೀಲಿ ಗೆರೆಗಿಂತ ಬಹಳ ಕೆಳಗೇ ನಿಂತಿತ್ತು.

ತಮ್ಮ ಡಬ್ಬಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

“ಪಂಪೂ ಅದ ಪಂಪು, ಡಬ್ಬೀನೂ ಅದ ಡಬ್ಬಿ. ಇದೇನಾತು?”

“ಮೊನ್ನಿ ನಾವು ಅದರ ಧಾರಿ ನೋಡಿದ್ವಿರಿ. ಇವತ್ತ ಅದಕ್ಕ ಕೆಲಸ ಹಚ್ಚೇವಿ” ಎಂದಳು ಮಗಳು.

ಮೊನ್ನೆಯ ಪರೀಕ್ಷೆಯನ್ನು ನಂಬಿ ಗುಂಡಿ ಒತ್ತಿದ್ದರೆ, ಒಂದು ವರ್ಷದ ಕೆಲಸವೂ ಅವಳ ಶೆಡ್ಡೂ ಕೆಲವೇ ಕ್ಷಣಗಳಲ್ಲಿ ಕರಗಿ ಹೋಗುತ್ತಿದ್ದವು. ಅದು ನಮ್ಮ ಮೂವರಿಗೂ ಒಟ್ಟಿಗೇ ಅರ್ಥವಾಯಿತೆಂದು ಕಾಣುತ್ತದೆ.

ಮುಂದಿನ ದಿನಗಳಲ್ಲಿ ಮಾವ ಸೊಸೆಯರ ನಡುವೆ ನಡೆದ ವಾದವನ್ನು ನಾನು ಅತ್ಯಂತ ಸುಖದಿಂದ ಕೇಳಿದ್ದೇನೆ. ಒತ್ತಡ ಕಾಯುವ ರೆಗ್ಯುಲೇಟರನ್ನು ಬಿಗಿ ಮಾಡಿದರಾಯಿತು ಎಂದ ತಮ್ಮ. ಪಂಪಿನಲ್ಲಿ ಇಲ್ಲದ ಪೆಟ್ರೋಲನ್ನು ರೆಗ್ಯುಲೇಟರು ಎಲ್ಲಿಂದ ತರುತ್ತದೆ ಎಂದಳು ಮಗಳು. ಪಂಪಿಗೆ ಹೋಗುವ ವಾಯರು ಸಣ್ಣದಿದೆ, ವೋಲ್ಟೇಜ್ ಬಿದ್ದರೆ ಹೊಲದ ಮೋಟಾರೂ ಅಳುತ್ತದೆ ಎಂದ ತಮ್ಮ. ಇದನ್ನು ಮಗಳು ತಕ್ಷಣ ಒಪ್ಪಿದಳು. ಇಬ್ಬರೂ ಸೇರಿ ಬ್ಯಾಟರಿಯಿಂದ ನೇರವಾಗಿ ದಪ್ಪ ವಾಯರು ಎಳೆದರು, ಹಳೆಯ ಫಿಲ್ಟರನ್ನು ಬದಲಾಯಿಸಿದರು. ಡಬ್ಬಿಯಲ್ಲಿ ಪೆಟ್ರೋಲು ಮೇಲೇರಿತು. ಎಂಜಿನ್ನಿನ ಸ್ವಂತ ಹಸಿವಿಗೆ ಈಗ ಧಾರಾಳವಾಗಿ ಸಾಕು. ಗ್ಯಾಸಿನ ಪಾಲಿಗೆ ಮಾತ್ರ ಇನ್ನೂ ಸಾಲದು.

“ಹಂಗಾರ ದೊಡ್ಡ ಪಂಪ್ ಹಾಕು” ಎಂದ ತಮ್ಮ.

“ದೊಡ್ಡ ಪಂಪ್ ಹಾಕಿದ್ರ ಗಾಡಿ ಸುಮ್ನ ನಿಂತಾಗ ಹೆಚ್ಚಾದ ಪೆಟ್ರೋಲ್ ವಾಪಸ್ ಹೋಗಾಕ ದಾರಿ ಸಾಲೂದಿಲ್ಲರಿ. ವಾಪಸ್ ಪೈಪೂ ದೊಡ್ಡದಾಗಬೇಕು, ಮುಂದಿನ ಪೈಪೂ ದೊಡ್ಡದಾಗಬೇಕು. ಅದಲ್ಲದ ಗಾಡಿ ಜಿಗದಾಗ ಟ್ಯಾಂಕಿನಾಗಿನ ಪೆಟ್ರೋಲ್ ಹಿಂದಕ್ಕ ಸರೀತೈತಿ. ಪಂಪಿನ ಬಾಯಾಗ ಗಾಳಿ ಸಿಕ್ರ ಮುಗೀತು.”

“ಮತ್ತ ಏನ್ ಮಾಡಾಕಿ?”

“ಗ್ಯಾಸಿನ ಪಾಲಿಂದಕ್ಕ ಬ್ಯಾರೆ ಸಣ್ಣ ಟಾಕಿ, ಬ್ಯಾರೆ ಪಂಪ್. ಮುಂದ, ಬ್ಯಾಟ್ರಿ ಇದ್ದಲ್ಲೆ. ಬ್ಯಾಟ್ರಿ ಡಿಕ್ಕಿಗೆ ಒಯ್ಯೂಣು.”

ತಮ್ಮ ನನ್ನ ಕಡೆ ತಿರುಗಿದ. “ಕೇಳಿದೇನ ಅಕ್ಕಾ? ಒಂದ ಮನ್ಯಾಗ ಎರಡ ಒಲಿ ಹೂಡ್ತಾಳಂತ ನಿನ್ನ ಮಗಳು. ಇದು ಮನಿ ಒಡಿಯೂ ಲಕ್ಷಣ.”

“ಬೀಗರು ಬಂದಾಗ ಹಿತ್ತಲದಾಗ ಬ್ಯಾರೆ ಒಲಿ ಹೂಡೂದಿಲ್ಲೇನ್ರಿ ಮಾಮಾ? ಅಡಗಿಮನಿ ಒಲಿ ಮ್ಯಾಲೆ ಊರಿಗೆಲ್ಲಾ ಬುಂದಿ ಕರಿಯಾಕ ಆಗತೈತೇನು?”

ತಮ್ಮ ಗಟ್ಟಿಯಾಗಿ ನಕ್ಕ, ನಗುತ್ತಲೇ ಅಲ್ಯೂಮಿನಿಯಂ ಹಾಳೆ ಹುಡುಕಲು ಹೊರಟ. ಅವನ ವೆಲ್ಡಿಂಗ್ ಕೈ ಈ ಭಾಗದಲ್ಲೆಲ್ಲ ಹೆಸರಾದದ್ದು. ಎರಡು ದಿನಗಳಲ್ಲಿ ಅವನು ಮಾಡಿಕೊಟ್ಟ ಟಾಕಿ, ದೇವರ ಜಗುಲಿಯ ಮೇಲಿಡಬಹುದಾದಷ್ಟು ಚೆಂದವಾಗಿತ್ತು. ಬೆಸುಗೆಯ ಗೆರೆ ಅಂಚಿನುದ್ದಕ್ಕೂ ಹೆರಳಿನಂತೆ ಒಂದೇ ಸಮನಾಗಿ ಸಾಗಿತ್ತು. ಪೆಟ್ರೋಲು ಹೊರಡುವ ಬಾಯಿಯನ್ನು ಮಗಳು ಹೇಳಿದಂತೆ ಹಿಂಬದಿಯ ತಳದಲ್ಲಿ ಇಟ್ಟಿದ್ದ. ಕಾರು ಮುಂದಕ್ಕೆ ಜಿಗಿದಾಗ ಪೆಟ್ರೋಲು ತಾನಾಗಿಯೇ ಆ ಬಾಯಿಯತ್ತ ಸರಿಯಬೇಕು. ಒಳಗೆ ಗಾಳಿ ಹೋಗಲು ಮೇಲ್ಭಾಗದಲ್ಲಿ ರಬ್ಬರಿನ ಸಣ್ಣ ನಳಿಕೆಯೊಂದನ್ನು ಜೋಡಿಸಿದರು.

ಈ ಬಾರಿಯ ಪರೀಕ್ಷೆ ಬೇರೆಯಾಗಿತ್ತು. ಗ್ಯಾಸಿನ ಬಾಟಲಿಯನ್ನು ಬಂದ್ ಇಟ್ಟು, ಪೆಟ್ರೋಲಿನ ಪಾಲು ಸಿಡಿಯುವ ಹಿತ್ತಾಳೆಯ ಜೆಟ್ಟನ್ನು ಎಂಜಿನ್ನಿನಿಂದ ಬಿಚ್ಚಿ ಡಬ್ಬಿಯೊಳಗೆ ಹಿಡಿದು, ಅದು ಸಿಡಿಯುತ್ತಿರುವಾಗಲೇ ಗೇಜಿನ ಮುಳ್ಳನ್ನು ಗೊತ್ತಾದ ಅಂಕಿಗೆ ತಂದು ಕೂರಿಸಿದಳು. ಸುಮ್ಮನೆ ನಿಂತಾಗ ತೋರುವ ಒತ್ತಡವನ್ನು ಅವಳು ಈಗ ಲೆಕ್ಕಕ್ಕೇ ಹಿಡಿಯಲಿಲ್ಲ. ಟಾಕಿ ಬರಿದಾಗುವವರೆಗೂ ಮುಳ್ಳು ಅಲುಗಲಿಲ್ಲ. ನಾನು ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದುವಾಗಲೂ ಅಷ್ಟು ಏಕಾಗ್ರತೆಯಿಂದ ಯಾವುದನ್ನೂ ದಿಟ್ಟಿಸಿರಲಿಲ್ಲ.

ಕಡೆಗೆ ಅವಳು ಒಂದು ಸ್ವಿಚ್ಚನ್ನು ಕೂರಿಸಿದಳು. ಪೆಟ್ರೋಲಿನ ಒತ್ತಡ ಇರುವಷ್ಟು ಹೊತ್ತು ಮಾತ್ರ ಅದು ಗ್ಯಾಸಿಗೆ ದಾರಿ ಬಿಡುತ್ತದೆ. ಒತ್ತಡ ಬಿದ್ದ ಕೂಡಲೇ ಗ್ಯಾಸಿನ ಕವಾಟವನ್ನು ಮುಚ್ಚಿಬಿಡುತ್ತದೆ. ಅದನ್ನು ಪರೀಕ್ಷಿಸಲು ಪಂಪನ್ನು ಬೇಕೆಂದೇ ಬಂದ್ ಮಾಡಿ ಗುಂಡಿ ಒತ್ತಿದಳು. ಕವಾಟ ತೆರೆದರೆ ‘ಟಕ್’ ಎಂಬ ಸದ್ದು ಬರಬೇಕು. ತಮ್ಮ ಕಿವಿಯನ್ನು ಬಾನೆಟ್ಟಿನೊಳಗೆ ಇಳಿಸಿ ಕೇಳಿದ.

“ಒತ್ತಿದೇನು?”

“ಒತ್ತೇನಿರಿ.”

“ಏನೂ ಬರ್ಲಿಲ್ಲ.”

“ಬರಬಾರ್ದರಿ.”

ಓಟದ ದಿನ ಕಾರನ್ನು ಲಾರಿಯ ಮೇಲೇರಿಸಿಕೊಂಡು ನಸುಕಿನಲ್ಲಿಯೇ ಹೊರಟೆವು. ಮಗಳು, ತಮ್ಮ, ನಾನು. ಜೊತೆಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ. ಅಲ್ಲಿ ದೊಡ್ಡ ಊರುಗಳ ಕಾರುಗಳು ಬಣ್ಣದ ಕೊಡೆಗಳ ಕೆಳಗೆ ಸಾಲಾಗಿ ನಿಂತಿದ್ದವು. ನಮ್ಮ ಕಾರು ಹೊರಗಿನಿಂದ ಅಣ್ಣಿಗೇರಿಯ ಸಂತೆಗೆ ಹೋಗುವ ಕಾರಿನಂತೆಯೇ ಇತ್ತು. ಸುರಕ್ಷತೆ ನೋಡುವ ಅಧಿಕಾರಿ ಬಾನೆಟ್ ಎತ್ತಿಸಿ, ಎರಡನೆಯ ಟಾಕಿಯನ್ನು ಕಂಡು, ತಮ್ಮನನ್ನು ಏನೇನೋ ಕೇಳತೊಡಗಿದರು. ತಮ್ಮ ಬಾಯಿ ತೆರೆದವನು, ಯಾಕೋ ಮುಚ್ಚಿಕೊಂಡು, ಮಗಳ ಕಡೆ ಕೈ ಮಾಡಿದ. ಅವಳು ಒಂದೊಂದೇ ಪೈಪನ್ನು ಮುಟ್ಟಿ ಹೇಳಿದಳು. ಆ ವಿವರಣೆಯಲ್ಲಿ ಅಧಿಕವಾದ ಒಂದು ಪದವೂ ಇರಲಿಲ್ಲ, ಬಿಟ್ಟುಹೋದ ಒಂದು ಪದವೂ ಇರಲಿಲ್ಲ. ಅಧಿಕಾರಿ ಸ್ವಿಚ್ಚಿನ ಬಗ್ಗೆ ಕೇಳಿ, ಕೆಲಸ ಮಾಡಿಸಿ ನೋಡಿ, ಹೋಗಬಹುದೆಂದರು.

ಪ್ರತಿಯೊಬ್ಬರಿಗೂ ಮೂರು ಓಟ. ಮೊದಲನೆಯದನ್ನು ಅವಳು ಗ್ಯಾಸ್ ಇಲ್ಲದೆ ಓಡಿಸಿದಳು. ಎಂಜಿನ್ ಸ್ವಚ್ಛವಾಗಿ ಓಡಿತು.

ಎರಡನೆಯ ಓಟದಲ್ಲಿ ಅವಳು ಗುಂಡಿ ಒತ್ತಿದ್ದು ನಾವು ನಿಂತಲ್ಲಿಗೇ ತಿಳಿಯಿತು. ಎಂಜಿನ್ನಿನ ದನಿ ಒಮ್ಮೆಲೇ ಗಡುಸಾಯಿತು, ಕಾರಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ತಮ್ಮ ನನ್ನ ತೋಳು ಹಿಡಿದುಕೊಂಡ. ಮರುಕ್ಷಣವೇ ಆ ದನಿ ಸಪ್ಪಗಾಗಿ, ಕಾರು ಮಾಮೂಲಿ ಕಾರಿನಂತೆ ಉಳಿದ ದಾರಿಯನ್ನು ಮುಗಿಸಿತು.

ಅವಳು ಕಾರನ್ನು ಮೆಲ್ಲಗೆ ತಿರುಗಿಸಿಕೊಂಡು ಬಂದಾಗ, ಬೇಲಿಯ ಮೇಲೆ ಕುಳಿತ ಪಡ್ಡೆಹುಡುಗರು ಬಿಡಲಿಲ್ಲ.

“ಗ್ಯಾಸ್ ತೀರತೇನ್ರಿ ಅಕ್ಕಾರ? ಬುಕ್ ಮಾಡಿದ್ದಿಲ್ಲೇನು?”

“ಸಬ್ಸಿಡಿ ಬರ್ಲಿಲ್ಲ ಕಾಣಸ್ತೈತಿ ಬಿಡ್ಲೇ.”

ತಮ್ಮನ ಮುಖ ಕೆಂಪಾಯಿತು. ಬಾನೆಟ್ಟಿನ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಹೇಳಿದ: “ಆ ಸ್ವಿಚ್ ಕೈ ಕೊಟ್ಟೈತಿ. ಅದರ ಎರಡೂ ವಾಯರ್ ಕೂಡ್ಸಿ ಬಿಡು. ಇನ್ನ ಒಂದ ಓಟ ಉಳದೈತಿ, ಅಷ್ಟಕ್ಕ ಏನೂ ಆಗೂದಿಲ್ಲ.”

ಮಗಳು ಶಿರಸ್ತ್ರಾಣ ತೆಗೆದು ಸೀಟಿನ ಮೇಲಿಟ್ಟಳು. ಹಣೆಯ ಕೂದಲು ಬೆವರಿಗೆ ಅಂಟಿತ್ತು.

“ಸ್ವಿಚ್ ಕೆಟ್ಟಿದ್ರ ಮೊದ್ಲಿಗೇ ಗ್ಯಾಸ್ ಬಿಡ್ತಿದ್ದಿಲ್ಲರಿ. ಬಿಟ್ಟು, ಆಮ್ಯಾಲೆ ನಿಲ್ಲಿಸೈತಿ. ಪೆಟ್ರೋಲ್ ಖರೇನ ಕಡಿಮಿ ಬಿದ್ದೈತಿ.”

“ಅಲ್ಲೆ ಅಂಗಳದಾಗ ಮುಳ್ಳು ಹನಿ ಅಲುಗಿದ್ದಿಲ್ಲಲ್ಲ.”

“ಅಲ್ಲೆ ಇದ್ದಿದ್ದು ಇಲ್ಲೆ ಏನೋ ಬದಲಾಗೈತಿರಿ.”

“ಹುಡುಕೂತ ಕುಂತ್ರ ನಿನ್ನ ಪಾಳಿ ಹೋಗತೈತಿ.”

“ಹೋದ್ರ ಹೋಗ್ಲಿರಿ. ವಾಯರ್ ಕೂಡ್ಸಿ ಓಡ್ಸಿದ್ರ ಎಂಜಿನ್ ಹೋಗತೈತಿ.”

ನನ್ನ ಕಾರು, ನನ್ನ ತಮ್ಮ, ನನ್ನ ಮಗಳು. ಆದರೆ ಆ ನಿರ್ಧಾರ ನನ್ನದಲ್ಲ. ಪಾಳಿಯ ಸಾಲಿನಲ್ಲಿ ಕಾರುಗಳು ಒಂದೊಂದಾಗಿ ಮುಂದೆ ಸರಿಯುತ್ತಿದ್ದವು. ಅವಳು ಬಾನೆಟ್ ಎತ್ತಿ, ಎಂಜಿನ್ನಿನ ಬಿಸಿ ಇಳಿಯಲು ಸ್ವಲ್ಪ ಬಿಟ್ಟು, ವಾಯರು ನೋಡಿದಳು, ಪಂಪಿನ ಫ್ಯೂಜು ನೋಡಿದಳು, ಕೊನೆಗೆ ಎರಡನೆಯ ಟಾಕಿಯ ಮುಚ್ಚಳವನ್ನು ಮೆಲ್ಲಗೆ ತಿರುವಿದಳು. ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿತು.

ಆ ಸದ್ದನ್ನು ಕೇಳಿದೊಡನೆ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು.

“ಎಣ್ಣಿ ಡಬ್ಬಿಗೆ ಒಂದ ತೂತು ಹಾಕಿದಂಗಾಗೈತಿ” ಎಂದ ತಮ್ಮ. ಎಣ್ಣೆಯ ಡಬ್ಬಿಗೆ ಒಂದೇ ತೂತು ಹಾಕಿ ಬಗ್ಗಿಸಿದರೆ, ಎಣ್ಣೆ ಒಂದು ಗುಟುಕು ಬಂದು ನಿಂತುಬಿಡುತ್ತದೆ; ಗಾಳಿ ಒಳಹೋಗಲು ಇನ್ನೊಂದು ತೂತು ಬೇಕೆಂದು ನಮ್ಮ ಅಡುಗೆಮನೆಗಳಲ್ಲಿ ಎಲ್ಲರಿಗೂ ಗೊತ್ತು. ಟಾಕಿಗೆ ಗಾಳಿ ಕೊಡುವ ನಳಿಕೆ ಇತ್ತು. ಆದರೆ ಬಾನೆಟ್ ಮುಚ್ಚಿದಾಗ ಅದರ ಅಂಚು ಸರಿಯಾಗಿ ಆ ನಳಿಕೆಯ ಮೇಲೆಯೇ ಕುಳಿತು, ಅದನ್ನು ಹಿಚುಕಿಬಿಡುತ್ತಿತ್ತು. ರಬ್ಬರಿನ ಮೇಲೆ ಮಡಿಕೆಯ ಗುರುತು ಅಚ್ಚೊತ್ತಿದಂತೆ ಕಾಣುತ್ತಿತ್ತು. ಗ್ಯಾರೇಜಿನಲ್ಲಿ ಟಾಕಿಯ ಪರೀಕ್ಷೆಗಳೆಲ್ಲವೂ ನಡೆದದ್ದು ಬಾನೆಟ್ ತೆರೆದಿಟ್ಟುಕೊಂಡು.

ಮಗಳು ಕೈ ಚಾಚಿದಲ್ಲಿಗೆ ತಮ್ಮ ಪಕ್ಕಡ ಕೊಟ್ಟ, ವಾಯರು ಕಟ್ಟುವ ಪಟ್ಟಿ ಕೊಟ್ಟ. ಅವಳು ನಳಿಕೆಯನ್ನು ಬೇರೆ ದಾರಿಯಿಂದ, ಯಾವುದರ ಅಡಿಗೂ ಸಿಗದಂತೆ, ಕೆಳಮುಖವಾಗಿ ಎಂಜಿನ್ನಿನ ಬಿಸಿಗೆ ದೂರವಾಗಿ ಇಳಿಸಿ ಕಟ್ಟಿದಳು. ಬಾನೆಟ್ ಮುಚ್ಚಿ, ಒಳಗೆ ಬೆರಳು ತೂರಿಸಿ, ನಳಿಕೆ ಸಡಿಲವಾಗಿದೆಯೇ ಎಂದು ಮುಟ್ಟಿ ನೋಡಿದಳು. ಟಾಕಿಯನ್ನು ಮತ್ತೆ ತುಂಬಿದರು. ನಮ್ಮ ಪಾಳಿ ಹೋಗಿರಲಿಲ್ಲ. ಯಾರದೋ ಕಾರು ಸಾಲಿನಲ್ಲಿಯೇ ಕೆಟ್ಟು ನಿಂತು, ಎಲ್ಲರನ್ನೂ ಕಾಯಿಸಿತ್ತು.

ಮೂರನೆಯ ಓಟವನ್ನು ವರ್ಣಿಸಲು ನನ್ನ ಬಳಿ ಹೆಚ್ಚು ಪದಗಳಿಲ್ಲ, ಏಕೆಂದರೆ ಅದು ಬಹಳ ಬೇಗ ಮುಗಿಯಿತು. ಎಂಜಿನ್ ಗಡುಸಾಯಿತು, ಈ ಬಾರಿ ಗಡುಸಾಗಿಯೇ ಉಳಿಯಿತು. ಕಪ್ಪು ಪಟ್ಟಿಯ ಮೇಲೆ ಕಾರು ಎಳೆದ ಗೆರೆಯಂತೆ ಹೋಗಿ, ಚಿಕ್ಕದಾಗಿ, ತುದಿ ಮುಟ್ಟಿತು. ಬೇಲಿಯ ಮೇಲಿನ ಹುಡುಗರಲ್ಲೊಬ್ಬ “ಬುಕ್ಕಾತಲೇ” ಎಂದ. ನಾನು ಕಣ್ಣೊರೆಸಿಕೊಳ್ಳಲಿಲ್ಲ, ಧೂಳೂ ಇರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ದಾರಿಯಲ್ಲಿ ಅರ್ಧದವರೆಗೆ ನಡೆದು ಹೋಗಿದ್ದೆನೆಂಬುದು, ಒಬ್ಬ ಕಾವಲುಗಾರ “ಅವ್ವಾರ, ಒಳಗ ಹೋಗಬ್ಯಾಡ್ರಿ” ಎಂದಾಗಲೇ ನನಗೆ ತಿಳಿದದ್ದು.

ಬಹುಮಾನಗಳು ದೊಡ್ಡ ಕಾರುಗಳಿಗೆ ಹೋದವು. ನಾವು ಅದಕ್ಕಾಗಿ ಕಾಯಲಿಲ್ಲ. ನಮಗೆ ಬೇಕಾದ ಫಲಿತಾಂಶ ಎಂಜಿನ್ನಿನೊಳಗಿತ್ತು. ಎಂಜಿನ್ ತಣಿದ ಮೇಲೆ ಮಗಳು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದೋ ಅದೇ ಕ್ರಮದಲ್ಲಿ ಬಿಳಿಯ ಬಟ್ಟೆಯ ಮೇಲೆ ಸಾಲಾಗಿಟ್ಟಳು. ಪೆಟ್ರೋಲು ಕಡಿಮೆ ಬಿದ್ದಿದ್ದರೆ ಅವುಗಳ ಪಿಂಗಾಣಿ ಸುಣ್ಣದಂತೆ ಬಿಳಿಚಿಕೊಂಡಿರುತ್ತಿತ್ತು. ಪಿಸ್ಟನ್ನು ಕರಗಲು ಆರಂಭವಾಗಿದ್ದರೆ ಅಲ್ಯೂಮಿನಿಯಮಿನ ಸಣ್ಣ ಕಾಳುಗಳು ಅಂಟಿಕೊಂಡಿರುತ್ತಿದ್ದವು. ತಮ್ಮ ಕನ್ನಡಕ ಏರಿಸಿ, ಒಂದೊಂದನ್ನೂ ಬಿಸಿಲಿಗೆ ಹಿಡಿದು, ತಿರುವಿ ತಿರುವಿ ನೋಡಿದ. ಮಗಳು ಅವನ ಮುಖವನ್ನು ನೋಡುತ್ತಿರಲಿಲ್ಲ. ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು, ಆದರೆ ಗಂಟು ಬಿಚ್ಚಿಕೊಳ್ಳುತ್ತಿರಲಿಲ್ಲ.

ಅವನು ಕೊನೆಯ ಪ್ಲಗ್ಗನ್ನು ನನ್ನ ಅಂಗೈಯಲ್ಲಿಟ್ಟ. ಹಾಲು ಹೆಚ್ಚಾದ ಚಹದಂಥ ತಿಳಿ ಕಂದು ಬಣ್ಣ. ಒಂದು ಚುಕ್ಕೆಯಿಲ್ಲ.

“ನಾಕೂ ಒಂದ ನಮೂನಿ ಅದಾವು” ಎಂದ. ಅಷ್ಟು ಹೇಳಿ ಅವಳ ಕೈಯಿಂದ ಗಂಟನ್ನು ತೆಗೆದುಕೊಂಡು ತಾನೇ ಬಿಚ್ಚಿದ. “ಉಣ್ಣು ಮೊದಲ.”

ಮರುವಾರ ನಾನು ಎಂದಿನಂತೆ ಬುತ್ತಿ ತೆಗೆದುಕೊಂಡು ಗ್ಯಾರೇಜಿಗೆ ಹೋದಾಗ, ಯರಗುಪ್ಪಿಯ ರೈತರೊಬ್ಬರು ತಮ್ಮ ಕಾರು ತಂದು ನಿಂತಿದ್ದರು. ಏರು ಹತ್ತುವಾಗ ಎಂಜಿನ್ ಬಿಕ್ಕುತ್ತದೆಂದು ಅವರ ದೂರು. ತಮ್ಮ ಟ್ರ್ಯಾಕ್ಟರಿನ ಅಡಿಯಲ್ಲಿ ಮಲಗಿದ್ದವನು, ತಲೆಯನ್ನಷ್ಟೇ ಹೊರಗೆ ತೂರಿಸಿ ಕೇಳಿದ:

“ಪೆಟ್ರೋಲೋ ಡೀಸಲೋ?”

“ಪೆಟ್ರೋಲ್ ರಿ. ಸ್ವಲ್ಪ ಬಂದು ಬಗ್ಗಿ ನೋಡ್ತೀರೇನು?”

“ನಾ ಯಾಕ ಬಗ್ಗಿ ನೋಡ್ಲಿ? ಅಕೀ ಶೆಡ್ ಐತಲ್ಲ, ಅಲ್ಲೆ ಒಯ್ರಿ.”

“ಹಂಗಲ್ರಿ, ಆಮ್ಯಾಲೆ ನೀವೊಂದು ಸಲ...”

“ನೋಡ್ರಿ ಯಜಮಾನ್ರ, ಆ ಕೆಲಸ ನನಗ ಬರೂದಿಲ್ಲ” ಎಂದು ಹೇಳಿ, ತಮ್ಮ ತಲೆಯನ್ನು ಮತ್ತೆ ಟ್ರ್ಯಾಕ್ಟರಿನ ಅಡಿಗೆ ಎಳೆದುಕೊಂಡ.

ಶೆಡ್ಡಿನಲ್ಲಿ ಮಗಳು ಪಾನೆ ಹುಡುಕಲಿಲ್ಲ. ಕೈ ಒರೆಸಿಕೊಂಡು ಹೊರಗೆ ಬಂದಳು, ರೈತರ ಕೈಯಿಂದ ಕೀಲಿ ತೆಗೆದುಕೊಂಡಳು, ಕಾರನ್ನು ಒಳಗೆ ತಂದು ಬಾನೆಟ್ ಎತ್ತಿದಳು. ನಾನು ನನ್ನ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಅವಳಿಗೆ ಓಡಾಡಲು ಜಾಗ ಮಾಡಿಕೊಟ್ಟೆ.